ಹರಕೆಯ ನಡಿಗೆ

ಇಲಕಲ್
14 ಮಾರ್ಚ್ 1981

ಚಿ. ಇಂದ್ರಾಬಾಯಿಗೆ ನಿನ್ನ ಅಕ್ಕ ಸಿದ್ದಲಿಂಗವ್ವನ ಆಶೀರ್ವಾದ.

ಮುಂಬಯಿಯಿಂದ ಜೀವಂತ ತಿರುಗಿ ಬಂದಿದ್ದೇನೆ. ನಮ್ಮ ಯಜಮಾನರು, ನಿನ್ನ ಮಾಮಾ, ನಿನಗೆ "ಆಪರೇಷನ್ ಪಾಸ್" ಎಂದು ತಂತಿ ಕೊಟ್ಟಿದ್ದರಂತೆ, ನಾನೇನೋ ಮುಲ್ಕಿ ಪರೀಕ್ಷೆಗೆ ಕೂತಿದ್ದವಳ ಹಾಗೆ. ಹೊಟ್ಟೆಯ ಮೇಲೆ ಗೇಣುದ್ದ ಹೊಲಿಗೆ ಬಿದ್ದಿದೆ. ಒಳಗೆ ಜಠರವನ್ನು ನಿಂಬೆಹಣ್ಣಿನಷ್ಟು ಮಾಡಿಟ್ಟಿದ್ದಾರೆ. ಮೂರು ತುತ್ತು ತಿಂದರೆ ನಾಲ್ಕನೆಯದು ಗಂಟಲಲ್ಲೇ ನಿಂತುಬಿಡುತ್ತದೆ. ಹೋಳಿಗೆಯನ್ನು ಎಣಿಸದೆ ತಿನ್ನುತ್ತಿದ್ದ ನಿನ್ನ ಅಕ್ಕನ ಪಾಡು ನೋಡು.

ಆ ಡಾಕ್ಟರರು ಪರದೇಶದಲ್ಲಿ ಕಲಿತು ಬಂದವರು. ದವಾಖಾನೆಯಿಂದ ಬಿಡುವ ದಿನ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಕೂತು ಹಿಂದಿಯಲ್ಲಿ ಹೇಳಿದರು: ಅರ್ಧ ಕೆಲಸ ನಾನು ಮಾಡಿದ್ದೇನೆ, ಇನ್ನರ್ಧ ನಿಮ್ಮ ಕಾಲು ಮಾಡಬೇಕು. ದಿನಾ ಬೆವರು ಬರುವ ಹಾಗೆ ನಡೆಯಿರಿ. ಹೊಟ್ಟೆ ಸಣ್ಣದಾಯಿತೆಂದು ನಂಬಿ ಕೂತರೆ ಇಳಿದ ತೂಕವೆಲ್ಲ ತಿರುಗಿ ಬರುತ್ತದೆ. ಬಂದರೆ ನಿಮ್ಮ ಎದೆ ತಡೆಯುವುದಿಲ್ಲ, ಎರಡನೆಯ ಸಲ ನಾನೂ ಕೊಯ್ಯುವುದಿಲ್ಲ. ನಿನ್ನ ಮಾಮಾ ಪಕ್ಕದಲ್ಲೇ ನಿಂತು ಕೇಳಿದರು. ಗಾಡಿ ಹತ್ತಿದ ಮೇಲೆ ನಾನು ಆ ಮಾತು ತೆಗೆದರೆ, "ಡಾಕ್ಟರ್ ಮಂದಿ ಎಲ್ಲಾರಿಗೂ ಹಂಗ ಹೇಳ್ತಾರ. ಕೊಯ್ಸ್ಯಾತಲ್ಲ, ಇನ್ನ್ಯಾಕ ನಡೀತಿ" ಎಂದು ಚಹಾ ತರಿಸಿದರು.

ಈಗ ನಡೆಯುವ ಮಾತೆಲ್ಲಿ ಬಂತು! ನಮ್ಮ ಅತ್ತಿ ನನ್ನನ್ನು ಒಳಗಿನ ಕೋಣೆಯಲ್ಲಿ ಹೊರಸಿನ ಮೇಲೆ ಮಲಗಿಸಿದ್ದಾರೆ. ಕಿವಿಯಲ್ಲಿ ಅರಳೆ, ತಲೆಗೆ ಬಟ್ಟೆ, ಹೊರಸಿನ ಕೆಳಗೆ ಕೆಂಡ. ನಾನು ಬೇಡವೆಂದರೆ, "ಹೊಟ್ಟಿ ಕೊಯ್ಸಿಕೊಂಡು ಬಂದಾಕಿ ಅಂದ್ರ ಬಾಣಂತಿನ ಹೌದಿಲ್ಲೋ? ಕೂಸೊಂದಿಲ್ಲ ಅಷ್ಟ" ಎನ್ನುತ್ತಾರೆ. ಅಂಟಿನ ಉಂಡಿಯನ್ನು ತುಪ್ಪದಲ್ಲಿ ಕಲಸಿ ಪಾಯಸದ ಹಾಗೆ ಮಾಡಿ ಚಮಚದಲ್ಲಿ ಕುಡಿಸುತ್ತಾರೆ. ಅದು ನಿಂಬೆಹಣ್ಣಿನೊಳಗೂ ಸಲೀಸಾಗಿ ಇಳಿಯುತ್ತದೆ. ಅವರ ಪ್ರೀತಿಗೆ ಎದುರು ಮಾತಾಡಲು ನನಗೆ ಬಾಯಿ ಬರುವುದಿಲ್ಲ.

ನಿನ್ನ ಅಕ್ಕ
ಸಿದ್ದಲಿಂಗವ್ವ

ಬಾದಾಮಿ
22 ಮಾರ್ಚ್ 1981

ಅಕ್ಕನಿಗೆ ಇಂದ್ರಾಳ ನಮಸ್ಕಾರ.

ಪತ್ರ ಓದಿ ನನಗೆ ಬೆಂಕಿ ಹತ್ತಿತು. ನೀನು ಹಡೆದಿಲ್ಲ. ಹೊರಸಿನಿಂದ ಏಳು. ಅತ್ತಿಯವರು ದೇವರಂಥವರು, ನಾನು ಅಲ್ಲ ಎನ್ನುವುದಿಲ್ಲ. ಆದರೆ ಆ ತುಪ್ಪದ ಚಮಚ ನಿನ್ನನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಡಾಕ್ಟರರು ಹೇಳಿಯೇ ಕಳಿಸಿದ್ದಾರೆ.

ನಮ್ಮ ಅವ್ವ ಬಾಗಲಕೋಟೆಯ ಮನೆಯಲ್ಲಿ ಏದುಸಿರು ಬಿಡುತ್ತ ಗೋಡೆ ಹಿಡಿದು ಕೂತಿದ್ದು ನಿನಗೆ ಮರೆತಿರಲಿಕ್ಕಿಲ್ಲ. ನಲವತ್ತಾರಕ್ಕೆ ಹೋದಳು. ನಿನಗೀಗ ನಲವತ್ತೊಂದು. ನೀನು ಬದುಕಬೇಕು ಎನ್ನುವುದಷ್ಟೇ ನನ್ನ ಹಟ. ತವರಿನಲ್ಲಿ ನನಗೆ ಉಳಿದವಳು ನೀನೊಬ್ಬಳೇ.

ಹೊಲಿಗೆ ಒಣಗಿದ ಮರುದಿನವೇ ಚಪ್ಪಲಿ ಮೆಟ್ಟು. ಇಲ್ಲಿ ನಾನು ದಿನಾ ಸಾಲಿಗೆ ಪಾಠ ಹೇಳಲು ಹೋಗುವ ಮೊದಲು ಹೊಂಡದ ದಂಡೆ ಸುತ್ತು ಹಾಕುತ್ತೇನೆ. ಯಾರ ತಲೆಯೂ ಉರುಳಿಲ್ಲ.

ಇಂದ್ರಾ

ಇಲಕಲ್
2 ಜುಲೈ 1981

ಚಿ. ಇಂದ್ರಾಗೆ,

ನಿನ್ನ ಮಾತು ಕೇಳಿ ಚಪ್ಪಲಿ ಮೆಟ್ಟಿದೆ. ಈಗ ಇಡೀ ಇಲಕಲ್ಲಿಗೆ ನನ್ನ ಚಿಂತೆ ಹತ್ತಿದೆ.

ಮೊದಲ ದಿನ ಓಣಿಯ ತುದಿ ಮುಟ್ಟುವುದರೊಳಗೆ ಮೂವರು ಕೇಳಿದರು: "ಎಲ್ಲಿಗ್ರಿ ಅವ್ವಾರ?" ಎಲ್ಲಿಗೂ ಇಲ್ಲ, ಸುಮ್ಮನೆ ನಡೆಯುತ್ತೇನೆ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಎರಡನೆಯ ದಿನ ನಮ್ಮ ಹತ್ತಿಯ ಅಡತಿ ಅಂಗಡಿಯ ಹಮಾಲ ಇಮಾಮಸಾಬ ಗಾಡಿ ಹೂಡಿಕೊಂಡು ಹಿಂದೆಯೇ ಬಂದು, "ಹತ್ರಿ ಅವ್ವಾರ, ಸಾವಕಾರ್ರು ಕಳಸ್ಯಾರ" ಎಂದ. ಮೂರನೆಯ ದಿನಕ್ಕೆ ಬಜಾರದಲ್ಲಿ ಸುದ್ದಿಯಾಯಿತು: ಸಾವಕಾರರ ಮನೆಯಲ್ಲಿ ಜಗಳವಾಗಿದೆ, ಹೆಂಡತಿ ತವರಿಗೆ ಹೊರಟಿದ್ದಾಳೆ, ದಿನಾ ದಾರಿಯಿಂದ ತಿರುಗಿ ಕರೆತರುತ್ತಾರೆ.

ನಿನ್ನ ಮಾಮಾ ಬೈಯಲಿಲ್ಲ. ಊಟಕ್ಕೆ ಕೂತವರು ರೊಟ್ಟಿ ಮುರಿಯದೆ, "ಗಿರಾಕಿ ಮುಂದ ತಲಿ ಎತ್ತದಂಗ ಆತು ನೋಡ" ಎಂದರು. ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ.

ನೀನು ಸಾಲಿ ಕಲಿಸುವ ಬಾಯಿ. ನಿನ್ನ ಹೆಗಲಿಗೆ ಚೀಲವಿದೆ, ನೋಡಿದವರು ಸಾಲಿಗೆ ಹೊರಟಿದ್ದಾಳೆ ಎಂದುಕೊಳ್ಳುತ್ತಾರೆ. ನನ್ನಂಥವಳು ಮನೆ ಬಿಟ್ಟು ಹೊರಬಿದ್ದರೆ ಮದುವೆ, ಸಾವು, ದೇವರು ಇವುಗಳಲ್ಲಿ ಒಂದು ಇರಲೇಬೇಕು. ಸುಮ್ಮನೆ ನಡೆಯುವ ಹೆಂಗಸನ್ನು ಈ ಊರು ಇನ್ನೂ ನೋಡಿಲ್ಲ.

ನಿನ್ನೆ ಅಂಗಡಿ ತೆರೆಯುವ ಮೊದಲು ಹತ್ತಿ ತೂಗುವ ಕಾಟಾದ ಮೇಲೆ ನಿಂತೆ. ದವಾಖಾನೆಯ ತೂಕದ ಯಂತ್ರಕ್ಕೆ ನಾನು ಮೊದಲಿನಿಂದಲೂ ಹೆಚ್ಚೇ ಅಲ್ಲವೇ. ಮುಂಬಯಿಗೆ ಹೋಗುವಾಗ ನೂರಾ ಇಪ್ಪತ್ತೆಂಟು ಕೆ.ಜಿ. ಇದ್ದೆ, ಈಗ ನೂರಾ ಆರು. ಇಳಿಯುವುದು ನಿಂತು ತಿಂಗಳಾಯಿತು. ಭಯವಾಗುತ್ತದೆ ಇಂದ್ರಿ.

ಅಕ್ಕ

ಬಾದಾಮಿ
9 ಜುಲೈ 1981

ಅಕ್ಕಾ,

ಕಾರ್ಡಿನಲ್ಲಿ ಹೆಚ್ಚು ಬರೆಯಲಾರೆ. ಮದುವೆ, ಸಾವು, ದೇವರು ಎಂದು ನೀನೇ ಬರೆದಿದ್ದೀಯ. ದೇವರನ್ನು ಹಿಡಿ. ಹರಕೆ ಹೊತ್ತಿದ್ದೇನೆ, ದಿನಾ ಎರಡು ಹೊತ್ತು ಮಠಕ್ಕೆ ನಡೆದೇ ಹೋಗಿ ಗದ್ದುಗೆಗೆ ಹಣೆ ಹಚ್ಚಿ ಬರುತ್ತೇನೆ ಎಂದು ಹೇಳು. ಯಾರು ಗಾಡಿ ಕಳಿಸುತ್ತಾರೋ ನೋಡೋಣ.

ಇಂದ್ರಾ

ಇಲಕಲ್
20 ಜನವರಿ 1982

ಚಿ. ಇಂದ್ರಾಗೆ ಅಕ್ಕನ ಬಾಯ್ತುಂಬ ಆಶೀರ್ವಾದ.

ಭಲೇ ನನ್ನ ತಂಗಿ! ನಿನಗೆ ಸಾಲಿಯಲ್ಲಿ ಹುಡುಗರು ಎಷ್ಟು ಹೆದರುತ್ತಾರೋ ಕಾಣೆ, ನನಗಂತೂ ನಿನ್ನ ತಲೆಯ ಹೆದರಿಕೆಯೇ ಹತ್ತಿದೆ.

ಹರಕೆ ಎಂದ ಕೂಡಲೇ ಅತ್ತಿ ಏನು, ಯಾತಕ್ಕೆ ಎಂದು ಕೇಳಿದರು. ಎದುರಿಗೆ ಸೊಸೆ ಅಕ್ಕಿ ಆರಿಸುತ್ತ ಕೂತಿದ್ದಳು. ನಮ್ಮ ಮಗ ರಾಚಪ್ಪನ ಮದುವೆಯಾಗಿ ನಾಲ್ಕು ವರ್ಷ, ಇನ್ನೂ ತೊಟ್ಟಿಲು ಕಟ್ಟಿಲ್ಲ. "ಮೊಮ್ಮಗಾ ಆಗೂತನಾ ನಡೀತೇನಿ" ಎಂದುಬಿಟ್ಟೆ. ಅತ್ತಿ ಎದ್ದು ಬಂದು ನನ್ನ ಗಲ್ಲ ಮುಟ್ಟಿ ಲಟಿಕೆ ಮುರಿದರು. ಸೊಸೆಯ ಕಣ್ಣಲ್ಲಿ ನೀರು. ನನಗೆ ಒಂದು ಕ್ಷಣ ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ.

ಆಮೇಲೆ ನಡೆದದ್ದೇ ನಡೆದದ್ದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಹೋಗುವಾಗ ನೇಕಾರ ಓಣಿಯಿಂದ ಹೋಗಿ ಬರುವಾಗ ಹಳ್ಳದ ದಂಡೆಯ ಕಡೆ ಸುತ್ತು ಹಾಕಿ ಬರುತ್ತೇನೆ. ಈಗ "ಎಲ್ಲಿಗ್ರಿ" ಎಂದು ಯಾರೂ ಕೇಳುವುದಿಲ್ಲ. ದಾರಿ ಬಿಟ್ಟು ನಿಂತು ಕೈ ಮುಗಿಯುತ್ತಾರೆ.

ಇಪ್ಪತ್ತನಾಲ್ಕು ವರ್ಷ ಈ ಊರಲ್ಲಿ ಬಾಳಿದರೂ ಊರನ್ನು ನಾನು ನೋಡಿರಲಿಲ್ಲ. ಬೆಳಿಗ್ಗೆ ಓಣಿಗೆ ಓಣಿಯೇ ಮಗ್ಗದ ಸಪ್ಪಳ. ಅಂಬವ್ವ ಎಂಬ ನೇಕಾರಳ ಗುರುತಾಗಿದೆ. ನನ್ನದೇ ವಯಸ್ಸು, ಸೀಳಿದ ಕಟ್ಟಿಗೆಯ ಹಾಗಿದ್ದಾಳೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ದಿನವಿಡೀ ಮೆಟ್ಟುತ್ತಾಳೆ. "ನಿಮಗ ಕಾಲಿಗೆ ಹರಕಿ, ನಮಗ ಹೊಟ್ಟಿಗೆ ಹರಕಿರಿ ಅವ್ವಾರ" ಎಂದು ನಕ್ಕಳು. ಅವಳ ಕಟ್ಟೆಯ ಮೇಲೆ ನೀರು ಕುಡಿದು ಮುಂದೆ ನಡೆಯುತ್ತೇನೆ.

ತೂಕ ಎಂಬತ್ತೊಂದು. ಇಮಾಮಸಾಬ ತೂಕದ ಕಲ್ಲು ತೆಗೆತೆಗೆದು ಇಟ್ಟು, "ಒಂದ್ ಚೀಲ ಕಮ್ಮಿ ಆತ್ರಿ ಅವ್ವಾರ" ಎಂದ. ರಾತ್ರಿ ಮಲಗಿದರೆ ಉಸಿರು ಸಲೀಸಾಗಿ ಓಡಾಡುತ್ತದೆ. ನನ್ನ ಕಾಲ ಬೆರಳನ್ನು ನಾನೇ ನೋಡಿದೆ. ಇಂದ್ರಿ, ನಾನು ಭಾಳ ಸುಖದಲ್ಲಿದ್ದೇನೆ.

ಅಕ್ಕ

ಇಲಕಲ್
11 ನವೆಂಬರ್ 1983

ಚಿ. ಇಂದ್ರಾಗೆ,

ರಾಚಪ್ಪನಿಗೆ ಗಂಡು ಹುಟ್ಟಿದೆ. ಸೊಸೆ ಆರಾಮ. ಕೂಸು ನಮ್ಮ ಅಪ್ಪನ ಹಣೆಯನ್ನೇ ಹೊತ್ತು ಬಂದಿದೆ.

ಇಡೀ ಊರು ಇದು ನನ್ನ ನಡಿಗೆಯ ಫಲವೆಂದು ಹೇಳುತ್ತದೆ. ಮೊನ್ನೆ ಹರಕೆ ತೀರಿಸಿದೆವು. ಮಠದಲ್ಲಿ ದಾಸೋಹವಾಯಿತು. ನಮ್ಮ ಮನೆಯ ಪೂಜೆಗೆ ಬರುವ ಅಯ್ಯನವರು ನನಗೆ ಹೂವಿನ ಹಾರ ಹಾಕಿಸಿದರು. ಅತ್ತಿ ನನ್ನ ಚಪ್ಪಲಿಯನ್ನು ತೊಳೆದು ಅಟ್ಟದ ಮೇಲೆ ಇಡಿಸಿದರು.

ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಎದ್ದು ಹೊರಟೆ. ಅತ್ತಿ ಬಾಗಿಲಿಗೆ ಅಡ್ಡ ನಿಂತರು. ಸಿಟ್ಟಿನಿಂದಲ್ಲ, ಹೆದರಿಕೆಯಿಂದ. "ತೀರಿದ ಹರಕಿ ಮತ್ತ ನಡದ್ರ ಕೊಟ್ಟ ಕೂಸು ಬ್ಯಾಡ ಅಂದಂಗ ಆಗತೈತೆವ್ವಾ" ಎಂದರು. ಅಯ್ಯನವರನ್ನು ಕರೆಸಿ ಕೇಳಿದ್ದಕ್ಕೆ ಅವರೂ ಹೌದೆಂದು ತಲೆಯಾಡಿಸಿದರು. ಬೇರೆ ಹರಕೆ ಹೊರುತ್ತೇನೆ ಎಂದರೆ, ಬಾಣಂತಿ, ಕೂಸು ಮನೆಯಲ್ಲಿರುವಾಗ ಮತ್ತೊಂದು ಹರಕೆ ಹೊರಬಾರದಂತೆ.

ಸುಮಾರು ಎರಡು ವರ್ಷ ತೂಕವನ್ನು ಎಂಬತ್ತೊಂದರ ಮೇಲೆ ಹೋಗದ ಹಾಗೆ ನಿಲ್ಲಿಸಿಕೊಂಡಿದ್ದೆ. ಈಗ ಏನು ಮಾಡಲಿ ಹೇಳು.

ಅಕ್ಕ

ಬಾದಾಮಿ
19 ನವೆಂಬರ್ 1983

ಅಕ್ಕಾ,

ಕೂಸಿಗೆ ನೂರು ವರ್ಷ ಆಯುಷ್ಯವಾಗಲಿ. ಈಗ ಖರೆ ಹೇಳುವ ಹೊತ್ತು ಬಂದಿದೆ. ಹರಕೆಯೇ ಇರಲಿಲ್ಲ, ಜೀವ ಉಳಿಸಿಕೊಳ್ಳಲು ನಡೆದೆ ಎಂದು ಕುಳ್ಳಿರಿಸಿಕೊಂಡು ಹೇಳು. ಡಾಕ್ಟರರ ಮಾತನ್ನು ಮಾಮಾ ಕೇಳಿದ್ದಾರೆ, ಅವರು ನುಡಿಯಲಿ. ನಿನಗೆ ಬಾಯಿ ಬಾರದಿದ್ದರೆ ನಾನೇ ಬಂದು ಹೇಳುತ್ತೇನೆ. ರವಿವಾರ ಮೊದಲ ಬಸ್ಸಿಗೆ ಬರುತ್ತೇನೆ.

ಇಂದ್ರಾ

ಇಲಕಲ್
4 ಫೆಬ್ರವರಿ 1984

ಇಂದ್ರಾ,

ನೀನು ಬಂದು ಹೋದ ಮೇಲೆ ಬರೆಯಲು ಇಷ್ಟು ದಿನ ಬೇಕಾಯಿತು. ನೀನು ಹೇಳಿದ್ದು ತಪ್ಪಲ್ಲ. ಆದರೆ ತೊಟ್ಟಿಲ ಹತ್ತಿರ ನಿಂತು, ಬಾಣಂತಿ ಕೇಳುವ ಹಾಗೆ, "ಹರಕಿನೂ ಇಲ್ಲ ಸುಡುಗಾಡೂ ಇಲ್ಲ, ಎಲ್ಲಾ ನಾ ಹೇಳಿಕೊಟ್ಟ ಸುಳ್ಳು" ಎಂದು ಕೂಗಬಾರದಿತ್ತು. ಅತ್ತಿ ಎರಡು ದಿನ ನೀರು ಮುಟ್ಟಲಿಲ್ಲ. ಆ ಮಾತು ದೇವರಿಗೆ ಕೇಳಿಸದಿರಲಿ ಎಂದು ಗದ್ದುಗೆಗೆ ಕ್ಷಮೆ ಬೇಡಿ ಬಂದರು. ನಿನ್ನ ಮಾಮಾ ಡಾಕ್ಟರರ ಮಾತು ಎತ್ತದೆ ಅಂಗಡಿಗೆ ಎದ್ದು ಹೋದದ್ದನ್ನು ನೀನೇ ನೋಡಿದಿ.

ನೀನು ಹೋದ ವಾರವೇ ನಾನು ಗಟ್ಟಿ ಮನಸ್ಸು ಮಾಡಿ ನಡೆದೆ. ಬರಿಗಾಲಲ್ಲೇ ಹಿತ್ತಲ ಬಾಗಿಲಿನಿಂದ ಹೊರಬಿದ್ದು ಅಂಬವ್ವನ ಕಟ್ಟೆಯ ತನಕ ಹೋಗಿ ಬಂದೆ. ಅಂದು ಸಂಜೆ ಕೂಸಿಗೆ ಜ್ವರ ಬಂತು. ಮೈ ಹಂಚಿನ ಹಾಗೆ ಕಾದಿತ್ತು, ಕಣ್ಣು ಮೇಲೆ ಹೋಗಿತ್ತು. ಮೂರು ದಿನ ಹಾಗೆಯೇ ಇತ್ತು.

ಹರಕೆ ಸುಳ್ಳೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಚಳಿಗಾಲದಲ್ಲಿ ಕೂಸುಗಳಿಗೆ ಜ್ವರ ಬರುತ್ತದೆಂದೂ ಗೊತ್ತು. ಆದರೆ ಆ ಮೂರು ದಿನ ನಾನು ಅಡಿಗೆಮನೆಯ ಮೂಲೆಯಲ್ಲಿ ಕೂತು, ಇನ್ನು ನಡೆಯುವುದಿಲ್ಲ, ನಡೆಯುವುದಿಲ್ಲ ಎಂದು ಗಲ್ಲ ಬಡಿದುಕೊಂಡೆ. ಇದು ಮಾತ್ರ ಖರೆ ಹರಕೆ. ಕೂಸು ಗುಣವಾಯಿತು.

ಸ್ವಲ್ಪ ದಿನ ಈ ಕಡೆ ಬರಬೇಡ. ನಿನ್ನ ಹೆಸರು ಎತ್ತಿದರೆ ಅತ್ತಿ ಎದ್ದು ಹೋಗುತ್ತಾರೆ.

ಸಿದ್ದಲಿಂಗವ್ವ

ಬಾದಾಮಿ
16 ಆಗಸ್ಟ್ 1984

ಅಕ್ಕಾ,

ಇದು ನಾಲ್ಕನೆಯ ಪತ್ರ. ಒಂದಕ್ಕೂ ನೀನು ಉತ್ತರ ಬರೆದಿಲ್ಲ. ಬರಬೇಡ ಎಂದಿದ್ದೀಯ, ಬರುವುದಿಲ್ಲ. ನನ್ನ ಬಾಯಿ ಸುಡಲಿ, ಅದನ್ನೂ ಒಪ್ಪುತ್ತೇನೆ.

ಬೀದಿ ಬೇಡವಾದರೆ ಮಾಳಿಗೆಯ ಮೇಲೆ ನಡೆ. ಅದೂ ಬೇಡವಾದರೆ ಹಿತ್ತಲಲ್ಲಿ ಬಾವಿಯ ನೀರು ಸೇದು, ಕುಟ್ಟು, ಬೀಸು. ಆಳುಗಳ ಕೈಯಿಂದ ಕೆಲಸ ಕಸಿದುಕೋ. ಕಾಟಾದ ಮೇಲೆ ನಿಂತು ಎಷ್ಟಿದ್ದೀ ಎಂದು ಒಂದು ಅಂಕಿ ಬರೆದು ಕಳಿಸು. ಬೇರೇನೂ ಬರೆಯಬೇಡ, ಅದೊಂದು ಸಾಕು.

ಇಂದ್ರಾ

ಇಲಕಲ್
10 ಸೆಪ್ಟೆಂಬರ್ 1985

ಚಿ. ಇಂದ್ರಾಗೆ ಅಕ್ಕನ ಆಶೀರ್ವಾದ.

ಸಿಟ್ಟು ಯಾವತ್ತೋ ಹೋಗಿತ್ತು. ನೀನು ಕೇಳಿದ ಅಂಕಿ ಬರೆಯಲು ನಾಚಿಕೆಯಾಗಿ ಸುಮ್ಮನಿದ್ದೆ. ಈಗ ಬರೆಯುತ್ತೇನೆ: ನೂರಾ ಹದಿನಾಲ್ಕು. ಕೊನೆಯ ಸಲ ತೂಗಿದಾಗ ಇಮಾಮಸಾಬ ಕಲ್ಲು ಏರಿಸುತ್ತ ಬೇರೆ ಕಡೆ ನೋಡುತ್ತಿದ್ದ. ಆಮೇಲೆ ನಾನು ಅಂಗಡಿಗೆ ಹೋಗಿಲ್ಲ.

ಮಾಳಿಗೆಯ ಮೇಲೆ ನಡೆದೆ. ಕೆಳಗೆ ಕೂಸು ಬೆಚ್ಚಿ ಬೀಳುತ್ತದೆ ಎಂದರು. ನೀರು ಸೇದಿದೆ. ಆಳು ಹೆಂಗಸು ನನ್ನ ಕೆಲಸದಲ್ಲೇನು ತಪ್ಪಾಯಿತೆಂದು ಅತ್ತಿಯ ಮುಂದೆ ಅತ್ತಳು. ಈ ಮನೆಯಲ್ಲಿ ನನ್ನನ್ನು ಯಾರೂ ಕಟ್ಟಿಹಾಕಿಲ್ಲ. ಎಲ್ಲರೂ ಕೈ ಹಿಡಿದು ಕೂಡಿಸುತ್ತಾರೆ ಅಷ್ಟೇ.

ಜಠರ ಇನ್ನೂ ನಿಂಬೆಹಣ್ಣಿನಷ್ಟೇ ಇದೆ, ಡಾಕ್ಟರರ ಕೈಯಲ್ಲಿ ಮೋಸವಿಲ್ಲ. ಆದರೆ ಕೂತವಳ ಕೈ ಸುಮ್ಮನಿರುವುದಿಲ್ಲ. ಕೂಸು ಬಿಟ್ಟ ಸಜ್ಜಕ, ಹಾಲಲ್ಲಿ ನೆನೆಸಿದ ಬಿಸ್ಕೀಟು, ಬೆಲ್ಲದ ಚೂರು. ಒಂದೊಂದೇ ಚಮಚ, ಬೆಳಗಿನಿಂದ ರಾತ್ರಿಯವರೆಗೆ. ಒಂದು ತಟ್ಟೆಯಲ್ಲಿ ಹಾಕಿಟ್ಟರೆ ನನಗೇ ಹೆದರಿಕೆಯಾದೀತು.

ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತದೆ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತೇನೆ, ಅವ್ವನ ಹಾಗೆ. ಹುನಗುಂದದ ಡಾಕ್ಟರರಿಗೆ ತೋರಿಸಿದರು. ಅವರು ಗುಳಿಗೆ ಬರೆದುಕೊಟ್ಟು ವಿಶ್ರಾಂತಿ ತಗೋರಿ ಎಂದರು! ಅತ್ತಿಯವರಿಗೆ ಅದೊಂದು ಮಾತು ಸಿಕ್ಕಂತಾಯಿತು.

ಒಂದು ಸಂತೋಷದ ಸುದ್ದಿ ಇದೆ. ಕೂಸು ಈಗ ಬೀಳದೆ ನಡೆದಾಡುತ್ತದೆ. ಪಡಸಾಲೆಯ ಈ ಕಂಬದಿಂದ ಆ ಕಂಬಕ್ಕೆ ಕೈ ಚಾಚಿಕೊಂಡು ಓಡುತ್ತದೆ. ಎಲ್ಲರೂ "ನಡಿ, ನಡಿ" ಎಂದು ಚಪ್ಪಾಳೆ ಹೊಡೆಯುತ್ತಾರೆ. ನಾನೂ ಕೂತಲ್ಲಿಂದ ಹೊಡೆಯುತ್ತೇನೆ.

ನಾನೊಂದು ಲೆಕ್ಕ ಹಾಕಿದ್ದೇನೆ. ಇನ್ನು ಮೂರು ವರ್ಷಕ್ಕೆ ಅವನನ್ನು ಸಾಲಿಗೆ ಹಾಕುತ್ತಾರೆ. ಅವನ ಕೈ ಹಿಡಿದು ಸಾಲಿಗೆ ಬಿಟ್ಟು ಬರುವ ಕೆಲಸ ಅಜ್ಜಿಯದೇ. ಅದಕ್ಕೆ ಯಾವ ಹರಕೆಯೂ ಬೇಡ, ಯಾರೂ "ಎಲ್ಲಿಗ್ರಿ" ಎನ್ನುವ ಹಾಗಿಲ್ಲ. ಹೋಗುವುದು, ಬರುವುದು, ಮತ್ತೆ ಕರೆತರಲು ಹೋಗುವುದು. ದಿನಕ್ಕೆ ಎಷ್ಟು ನಡಿಗೆಯಾಯಿತು ನೋಡು! ಮೂರು ವರ್ಷ ಈ ಎದೆ ತಡೆದರೆ ಸಾಕು.

ಸಂಕ್ರಮಣಕ್ಕೆ ಬಾ. ಅತ್ತಿಯವರಿಗೆ ನಾನು ಹೇಳುತ್ತೇನೆ.

ನಿನ್ನ ಅಕ್ಕ
ಸಿದ್ದಲಿಂಗವ್ವ

ಇಲಕಲ್
28 ಜನವರಿ 1986

ಚಿ. ಇಂದ್ರಾಬಾಯಿಗೆ ನಿನ್ನ ಮಾಮಾ ಅಂದಾನಪ್ಪ ಬರೆಯುವುದು.

ನಾನು ಕೊಟ್ಟ ತಂತಿ ನಿನ್ನ ಬೀಗ ಹಾಕಿದ ಬಾಗಿಲಲ್ಲೇ ಉಳಿಯಿತಂತೆ. ನೀನು ಸಂಕ್ರಮಣದ ಮೊದಲೇ ತರಬೇತಿಗೆ ಧಾರವಾಡಕ್ಕೆ ಹೋಗಿದ್ದೀ ಎಂದು ಪಕ್ಕದ ಮನೆಯವರು ಆಮೇಲೆ ತಿಳಿಸಿದರು. ಸಂಜೆಯ ತನಕ ನಿನ್ನ ದಾರಿ ನೋಡಿದೆವು. ಅದಕ್ಕಿಂತ ಹೆಚ್ಚು ಇಡುವ ಹಾಗಿರಲಿಲ್ಲ.

ಶುಕ್ರವಾರ ನಸುಕಿನಲ್ಲಿ ನಿನ್ನ ಅಕ್ಕ ಲಿಂಗೈಕ್ಯಳಾದಳು. ಗೋಡೆಗೆ ಒರಗಿ ಕೂತಿದ್ದಳು, ಕೂತ ಹಾಗೆಯೇ ಹೋದಳು. ಕೂಸು ಎದ್ದು ಬಂದು ತೊಡೆ ಏರಿ ಕೂತಾಗಲೂ ನಮಗೆ ಗೊತ್ತಾಗಿರಲಿಲ್ಲ.

ಕೆಂಪು ಅಂಚಿನ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ನಮ್ಮ ಪದ್ಧತಿಯಂತೆ ಬಿದಿರು ಕಟ್ಟಿದ ವಿಮಾನದಲ್ಲಿ ಕೂಡಿಸಿದೆವು. ಹೊರಲು ಎಂಟು ಮಂದಿ ಬೇಕಾದರು. ನಡುವೆ ನಡುವೆ ಇಳಿಸಿ ಹೆಗಲು ಬದಲಿಸಿದರು. ಇಮಾಮಸಾಬ ತಾನಾಗಿಯೇ ಬಂದು ಹೆಗಲು ಕೊಟ್ಟ, ಕೊನೆಯ ತನಕ ಬಿಡಲಿಲ್ಲ. ಮಣ್ಣು ಮಾಡುವ ಗುಣಿಯನ್ನು ಮತ್ತೆ ಅಗಲ ಮಾಡಬೇಕಾಯಿತು.

ನಮ್ಮ ಅವ್ವ ಹಟ ಮಾಡಿ ಹತ್ತಿರದ ದಾರಿ ಬಿಡಿಸಿದಳು. "ಆಕಿ ಹರಕಿಗೆ ನಡದ ದಾರಿಲೇನ ಒಯ್ರಿ" ಎಂದಳು. ಹಾಗೆ ನೇಕಾರ ಓಣಿಯಿಂದ ಹೋದೆವು. ಭಜನೆಯ ಸಪ್ಪಳಕ್ಕೆ ಮಗ್ಗಗಳು ಒಂದೊಂದಾಗಿ ನಿಂತವು. ಒಬ್ಬಳು ನೇಕಾರ ಹೆಂಗಸು ಕುಣಿಯಿಂದೆದ್ದು ಕಟ್ಟೆಗೆ ಬಂದು ತಂಬಿಗೆಯಲ್ಲಿ ನೀರು ಹಿಡಿದುಕೊಂಡು ನಿಂತಿದ್ದಳು. ಯಾಕೆಂದು ನನಗೆ ತಿಳಿಯಲಿಲ್ಲ. ಮಠದ ಮುಂದೆ ಇಳಿಸಿದಾಗ ಅವ್ವ, "ನಮ್ಮ ಸೊಸಿ ಮುತ್ತೈದಿಯಾಗಿ, ನೆಲಕ್ಕ ಕಾಲ ಇಡದಂಗ ಹ್ವಾದ್ಳು" ಎಂದು ಎದೆ ಎದೆ ಬಡಿದುಕೊಂಡು ಅತ್ತಳು. ಊರ ಹೆಂಗಸರೆಲ್ಲ ಹೌದೆಂದರು.

ಬರುವ ಸೋಮವಾರ ಶಿವಗಣಾರಾಧನೆ. ಹಳೆಯದನ್ನು ಮನಸ್ಸಿನಲ್ಲಿಡದೆ ಬಾ. ಬಸ್ ನಿಲ್ದಾಣಕ್ಕೆ ಗಾಡಿ ಕಳಿಸುತ್ತೇನೆ.

ಇನ್ನೊಂದು ಮಾತು. ತೀರಿಕೊಳ್ಳುವ ಒಂದು ವಾರ ಮೊದಲು ಸಂಜೆ ಅವಳು ನನ್ನನ್ನು, "ಮಠದ ತನಕ ನಡದು ಬರೂಣೇನ್ರಿ? ನೀವು ಸಂಗಡ ಇದ್ರ ಯಾರೂ ಏನೂ ಅನ್ನೂದಿಲ್ಲ" ಎಂದು ಕೇಳಿದಳು. ಅಂಗಡಿಯಿಂದ ದಣಿದು ಬಂದಿದ್ದೆ. ಗಾಡಿ ಹೂಡಿಸಲೇನು ಎಂದೆ. "ಬ್ಯಾಡ ಬಿಡ್ರಿ" ಎಂದು ಒಳಗೆ ಹೋದಳು.

ಮುಂಬಯಿಯ ತನಕ ಅವಳನ್ನು ಕರೆದುಕೊಂಡು ಹೋಗಿದ್ದವನು ನಾನು. ಆದರೆ ಆ ದಾರಿಯಲ್ಲಿ ನಾನು ಕಾಲಿಟ್ಟು ನಡೆದದ್ದು ಶುಕ್ರವಾರವೇ ಮೊದಲು, ಅವಳ ವಿಮಾನದ ಹಿಂದೆ. ಮನೆ ಬಿಟ್ಟೆವು, ಮಠ ಬಂದೇ ಬಿಟ್ಟಿತು. ಇಷ್ಟೇ ದಾರಿ ಎಂದು ನನಗೆ ಗೊತ್ತಿರಲಿಲ್ಲ.

ಅಂದಾನಪ್ಪ